ಬಿಲ್ಲಕ್ಕನ ಬಲಗಾಲು

ಜನವರಿ 9

ಗುಂಡ,

ಇದನ್ನು ಓದಿದ ತಕ್ಷಣ ಫೋನು ಮಾಡಬೇಡ. ನೀನು ಫೋನಿನಲ್ಲಿ ಹೇಳುವುದು ನನಗೊಬ್ಬಳಿಗೆ ಬಿಟ್ಟು ಇಡೀ ಬೀದಿಗೆ ಕೇಳಿಸುತ್ತದೆ. ನನ್ನ ಕಿವಿಗೆ ಕಾಗದವೇ ಸರಿ. ವರ್ಷಕ್ಕೆ ಎರಡು ಸಲ ಬರೆಯುವ ಅಕ್ಕ ವರ್ಷ ಹುಟ್ಟಿ ಒಂಬತ್ತೇ ದಿನಕ್ಕೆ ಬರೆದಳು ಅಂದರೆ ಏನೋ ಕೆಲಸವಿದೆ ಎಂದು ತಮ್ಮನಿಗೆ ಗೊತ್ತಾಗಿರಬೇಕು. ಇದೆ.

ನನ್ನ ಬಲಮಂಡಿ ಕೈಕೊಟ್ಟಿದೆ, ಎಡದ್ದೂ ಸರದಿಯಲ್ಲಿ ನಿಂತಿದೆ. ಹೊಲಿಗೆ ಯಂತ್ರದ ಪೆಡಲ್ ಒತ್ತಿದಾಗಲೆಲ್ಲ ಒಳಗೆ ಮೂಳೆಗೆ ಮೂಳೆ ತಾಗಿ ಮರಳು ಅರೆದ ಹಾಗೆ ಸದ್ದು. ಅದು ನನಗೇ ಕೇಳಿಸುತ್ತದೆ ಅಂದರೆ ಎಷ್ಟು ಜೋರಿರಬೇಕು ನೋಡು.

ದೊಡ್ಡಾಸ್ಪತ್ರೆಗೆ ಹೋಗಿದ್ದೆ. ಮೂಳೆ ಡಾಕ್ಟರು ಹೆಂಗಸು. ವಯಸ್ಸು ನಿನ್ನ ಮಗಳಷ್ಟು, ಅಂಗೈ ನಿನ್ನಷ್ಟು ಅಗಲ. ನನ್ನ ಕಿವಿಯ ಸಮಾಚಾರ ತಿಳಿದ ಮೇಲೆ ಕಿರುಚದೆ ಹಾಳೆಯ ಮೇಲೆ ಬರೆದು ತೋರಿಸಿದರು. ಅಲ್ಲಿಗೆ ನನಗೆ ಇಷ್ಟವಾದರು. ಸೊಂಟದಿಂದ ಪಾದದವರೆಗೆ ಒಂದೇ ಉದ್ದದ ಎಕ್ಸ್-ರೇ ತೆಗೆಸಿ, ಅದರ ಮೇಲೆ ಸೊಂಟದ ಕೀಲಿನಿಂದ ಪಾದದ ಗಂಟಿಗೆ ಒಂದು ಗೆರೆ ಎಳೆದರು. ಆ ಗೆರೆ ಮಂಡಿಯ ನಟ್ಟನಡುವೆ ಹೋಗಬೇಕಂತೆ. ನನ್ನದರಲ್ಲಿ ಮಂಡಿಯ ಒಳ ಅಂಚನ್ನು ಸವರಿಕೊಂಡು, ಗುರುತಿಲ್ಲದವರ ಮನೆಯ ಮುಂದೆ ಹೋದ ಹಾಗೆ ಹೋಗಿದೆ. ನನ್ನ ಕಾಲು ಬಿಲ್ಲಿನ ಹಾಗೆ ಬಾಗಿದೆ ಎಂದು ಹೇಳುವುದಕ್ಕೆ ಎಕ್ಸ್-ರೇ ಯಾಕೆ ಬೇಕಿತ್ತು, ಊರಿಗೆಲ್ಲ ಗೊತ್ತಿದೆ. ಬಿಲ್ಲಕ್ಕ ಅಂತ ಸುಮ್ಮನೆ ಕರೆದರೇ?

ಮಂಡಿ ತೆಗೆದು ಲೋಹದ್ದು ಕೂರಿಸಬೇಕು. ಅದರಲ್ಲಿ ಮಾತಿಲ್ಲ. ಮಾತು ಇರುವುದು ಹೇಗೆ ಕೂರಿಸುವುದು ಎಂಬುದರಲ್ಲಿ. ಒಂದು, ಆ ಗೆರೆ ನಡುವೆ ಹಾಯುವಂತೆ ಕಾಲನ್ನು ನೇರ ಮಾಡಿ ಕೂರಿಸುವುದು. ಅದು ಬಹುಕಾಲದಿಂದ ನಡೆದು ಬಂದದ್ದು, ಬಾಳಿಕೆ ಗೊತ್ತಿರುವುದು. ಇನ್ನೊಂದು, ಸವೆಯುವುದಕ್ಕೆ ಮೊದಲು ನನ್ನ ಕಾಲು ಹುಟ್ಟಾ ಎಷ್ಟು ಬಾಗಿತ್ತೋ ಅಷ್ಟು ಬಾಗನ್ನು ಹಾಗೇ ಬಿಟ್ಟು, ಸವೆತದಿಂದ ಬಂದ ಬಾಗನ್ನು ಮಾತ್ರ ತೆಗೆಯುವುದು. ಯಾವುದು ಮೇಲು ಎಂದು ಕೇಳಿದೆ. ಡಾಕ್ಟರಮ್ಮ ಬರೆದರು: "ಎರಡೂ ಒಳ್ಳೇದೇ ಅಮ್ಮ. ಇದೇ ಮೇಲು ಅಂತ ಆಣೆ ಮಾಡಿ ಹೇಳೋಕೆ ನನ್ಗೆ ಆಗಲ್ಲ. ಕಾಲು ನಿಮ್ದು. ಒಂದು ತಿಂಗ್ಳು ಯೋಚ್ನೆ ಮಾಡಿ."

ಅರವತ್ತನಾಲ್ಕು ವರ್ಷ ಈ ಕಾಲಿನ ಮೇಲೆ ನಿಂತಿದ್ದೇನೆ, ಅದರ ಬಗ್ಗೆ ಒಂದು ತಿಂಗಳು ಯೋಚನೆ ಮಾಡಿದವಳಲ್ಲ. ನೀನು ಬಾಗಿಲು ಕೂರಿಸುವ ಬಡಗಿ, ಗೆರೆಯ ವಿಷಯ ನಿನಗೆ ಗೊತ್ತು. ಏನು ಮಾಡಲಿ, ಹೇಳು.

ಇನ್ನೊಂದು. ನಾನು ಚಿಕ್ಕವಳಿದ್ದಾಗ ನಿಂತು ತೆಗೆಸಿಕೊಂಡ ಫೋಟೋ ಇದ್ದರೆ ತನ್ನಿ ಎಂದಿದ್ದಾರೆ. ಫೋಟೋ ನೋಡಿಕೊಂಡು ಕೊಯ್ಯುವುದಿಲ್ಲವಂತೆ, ಲೆಕ್ಕವೆಲ್ಲ ಎಕ್ಸ್-ರೇಯಲ್ಲೇ. ಆದರೂ ಒಂದು ಸಾಕ್ಷಿ. ಅಪ್ಪನ ಕಬ್ಬಿಣದ ಪೆಟ್ಟಿಗೆ ನಿನ್ನ ಅಟ್ಟದ ಮೇಲಿದೆಯಲ್ಲ, ತೆಗೆದು ನೋಡು. ಆಪರೇಷನ್ ಆದ ಮೇಲೆ ನೋಡಿಕೊಳ್ಳುವುದಕ್ಕೆ ಪಕ್ಕದ ಮನೆಯಾಕೆ ಇದ್ದಾಳೆ. ಆ ಚಿಂತೆ ನಿನಗೆ ಬೇಡ.

ಹೊಲಿದೆ ನಲವತ್ತು ವರ್ಷ ಊರ ಬಟ್ಟೆ,
ಈಗ ಮಂಡಿಯ ಹೊಲಿಗೆ ಬಿಟ್ಟು ಕೆಟ್ಟೆ.

ನಿನ್ನ
ಬಿಲ್ಲಕ್ಕ


ಜನವರಿ 21

ಅಕ್ಕ,

ನೇರ ಮಾಡಿಸು.

ಇದರಲ್ಲಿ ಒಂದು ತಿಂಗಳು ಯೋಚನೆ ಮಾಡುವುದಕ್ಕೆ ಏನಿದೆ ಎಂದು ನನಗೆ ತಿಳಿಯಲಿಲ್ಲ. ಇಲ್ಲೊಂದು ಹೊಸ ವಸತಿಗೃಹಕ್ಕೆ ನೂರಾ ಹನ್ನೆರಡು ಬಾಗಿಲು ಕೂರಿಸುತ್ತಿದ್ದೇನೆ. ಒಂದೊಂದಕ್ಕೂ ಮೇಲಿನಿಂದ ದಾರದಲ್ಲಿ ಗುಂಡು ಇಳಿಬಿಟ್ಟು ನೋಡುತ್ತೇನೆ. ದಾರ ಹೇಳಿದ್ದೇ ಮಾತು. ಒಂದು ನೂಲಿನಷ್ಟು ವಾಲಿದರೂ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಇಲ್ಲವೇ ನೆಲಕ್ಕೆ ಕಚ್ಚುತ್ತದೆ. ಕೀಲಿಗೆ ಭಾರ ಒಂದೇ ಕಡೆ ಬಿದ್ದು ಸವೆಯುತ್ತದೆ. ನಿನ್ನ ಮಂಡಿಗೆ ಆಗಿರುವುದೂ ಅದೇ. ಸವೆದದ್ದನ್ನು ತೆಗೆದು ಹೊಸದು ಹಾಕುವಾಗ ಮತ್ತೆ ಸೊಟ್ಟಗೇ ಹಾಕಿಸಿಕೊಳ್ಳುವ ಗಿರಾಕಿಯನ್ನು ನಾನು ಕಂಡಿಲ್ಲ.

ಡಾಕ್ಟರಮ್ಮನಿಗೆ ಬೇಕಾದರೆ ನನ್ನ ರಸಮಟ್ಟ ಕಳಿಸುತ್ತೇನೆ. ನಾನು ಕೆಲಸ ಕಲಿಯುವಾಗ ಕೊಂಡದ್ದು. ಗಾಜಿನೊಳಗಿನ ಗುಳ್ಳೆ ಇನ್ನೂ ಸುಳ್ಳು ಹೇಳಿಲ್ಲ.

ನಿನ್ನ ನಾದಿನಿ ಕೇಳಿದಳು, "ನೇರ ಮಾಡಿಸಿದ್ರೆ ಅತ್ಗೆ ಎತ್ತರ ಆಗ್ತಾರಾ?" ಅಂತ. ಒಂದು ಕಾಲು ಮಾತ್ರ ಆಗುತ್ತದೆ ಎಂದೆ. ನಗಲಿಲ್ಲ.

ಪೆಟ್ಟಿಗೆ ನೋಡುತ್ತೇನೆ. ಪ್ರಾಸ ನನಗೆ ಬರುವುದಿಲ್ಲ, ಆದರೂ ಬರಿ ಅನ್ನುತ್ತೀಯ:

ಗೆರೆ ನೇರ,
ಮನಸ್ಸು ಹಗುರ.

ಪ್ರಾಸ ಸ್ವಲ್ಪ ಕಚ್ಚುತ್ತಿದೆ. ಒಂದು ಎಳೆ ಕೆತ್ತಿದರೆ ಕೂರುತ್ತದೆ.

ಗುಂಡ


ಫೆಬ್ರುವರಿ 2

ಗುಂಡ,

ನಿನ್ನ ಪ್ರಾಸ ಓದಿ ಮಂಡಿಯ ನೋವು ಮರೆತುಹೋಯಿತು. ಹೊಸ ನೋವು ಶುರುವಾಯಿತು.

ನೀನು ಬಾಗಿಲಿನ ಮಾತು ಹೇಳಿದೆ, ನಾನು ಬಟ್ಟೆಯ ಮಾತು ಹೇಳುತ್ತೇನೆ. ನನ್ನ ಅಂಗಡಿಗೆ ಒಬ್ಬ ಗುಮಾಸ್ತ ಬರುತ್ತಾನೆ, ಇಪ್ಪತ್ತು ವರ್ಷದ ಗಿರಾಕಿ. ಅವನ ಎಡ ಹೆಗಲು ಬಲಕ್ಕಿಂತ ಅರ್ಧ ಇಂಚು ಕೆಳಗೆ. ಅದು ಅವನಿಗೂ ಗೊತ್ತಿಲ್ಲ, ಹೆಂಡತಿಗೂ ಗೊತ್ತಿಲ್ಲ, ನನ್ನ ಟೇಪಿಗೆ ಮಾತ್ರ ಗೊತ್ತು. ಮೊದಲ ಸಲ ಎರಡೂ ಹೆಗಲು ಒಂದೇ ಅಳತೆಗೆ ಕತ್ತರಿಸಿ ಕೋಟು ಹೊಲಿದೆ. ತೂಗುಹಾಕಿದರೆ ಚಿತ್ರದ ಹಾಗಿತ್ತು. ಅವನು ಹಾಕಿಕೊಂಡ ತಕ್ಷಣ ಕುತ್ತಿಗೆಯ ಹತ್ತಿರ ಎಳೆದು ನೆರಿಗೆ ಬಿತ್ತು. "ಯಾಕೋ ಇದು ಬೇರೆಯವ್ರ ಕೋಟು ಅನ್ಸುತ್ತೆ" ಅಂದ. ಬಿಚ್ಚಿ, ಅವನ ಹೆಗಲು ಹೇಗಿದೆಯೋ ಹಾಗೆ ಹೊಲಿದೆ. ತೂಗುಹಾಕಿದರೆ ಸೊಟ್ಟ, ಹಾಕಿಕೊಂಡರೆ ನೆಟ್ಟಗೆ.

ಇದನ್ನೇ ಡಾಕ್ಟರಮ್ಮನಿಗೆ ಹೇಳಿದೆ. ಬಿದ್ದು ಬಿದ್ದು ನಕ್ಕರು. ಆಮೇಲೆ ಬರೆದರು: ನಿಮ್ಮ ಕಾಲಿನ ಬಾಗು ಒಟ್ಟು ಒಂಬತ್ತು ಡಿಗ್ರಿ, ಅದರಲ್ಲಿ ನಾಲ್ಕು ಹುಟ್ಟಿನದಿರಬಹುದು, ಐದು ಸವೆತದ್ದು. ಪೂರ್ತಿ ನೇರ ಮಾಡಬೇಕಾದರೆ ಮಂಡಿಯ ಒಳಪಕ್ಕದ ಬಿಗಿ ನಾರುಗಳನ್ನು ಸ್ವಲ್ಪ ಸಡಿಲಿಸಬೇಕಾಗುತ್ತದೆ, ಅದು ದಿನಾ ಮಾಡುವ ಕೆಲಸವೇ. ಬಾಗು ಬಿಡುವುದಾದರೆ ಅಷ್ಟು ಬೇಕಾಗುವುದಿಲ್ಲ, ಆದರೆ ತುಂಬ ಬಾಗು ಬಿಟ್ಟರೆ ಹೊಸ ಮಂಡಿ ಎಷ್ಟು ವರ್ಷ ತಾಳುತ್ತದೆ ಎಂಬ ಅಂಜಿಕೆ ಇದೆ. "ನೀವೇ ಆಗಿದ್ರೆ ಏನ್ ಮಾಡಿಸ್ಕೋತಿದ್ರಿ?" ಎಂದೆ. "ನನ್ನ ಕಾಲು ನೇರವಾಗಿದೆ ಅಮ್ಮ, ನನ್ನ ಕೇಳಿ ಏನು ಪ್ರಯೋಜನ" ಎಂದು ಬರೆದರು.

ನಿಜ ಹೇಳಲೇ? ನನಗೆ ಈ ಬಾಗು ಬಿಟ್ಟುಕೊಡಲು ಮನಸ್ಸಿಲ್ಲ. ಯಂತ್ರದ ಪೆಡಲ್ ಮೇಲೆ ನನ್ನ ಪಾದ ಕೂರುವುದೇ ಓರೆಯಾಗಿ. ಕಾಲು ನೇರವಾದರೆ ಈ ವಯಸ್ಸಿನಲ್ಲಿ ಮತ್ತೆ ನಡೆಯುವುದು ಕಲಿಯಬೇಕು, ಹೊಲಿಯುವುದು ಕಲಿಯಬೇಕು. ಆದರೆ ನೇರದ ವಿಷಯದಲ್ಲಿ ನಿನ್ನ ಮಾತು ತೆಗೆದುಹಾಕುವ ಧೈರ್ಯವೂ ಇಲ್ಲ. ನನ್ನ ಅಂಗಡಿಗೆ ನೀನು ಕೂರಿಸಿಕೊಟ್ಟ ಬಾಗಿಲು ಇಪ್ಪತ್ತೆರಡು ವರ್ಷವಾದರೂ ಒಂದು ದಿನ ಕಚ್ಚಿಲ್ಲ, ಕಿರುಗುಟ್ಟಿಲ್ಲ. ಬಂದವರಿಗೆಲ್ಲ ತೋರಿಸುತ್ತೇನೆ, ನನ್ನ ತಮ್ಮ ದಾರ ಹಿಡಿದು ಕೂರಿಸಿದ್ದು ಅಂತ.

ನಿನಗೆ ನನ್ನ ಕಾಲು ನೇರವಾಗಿರಬೇಕು ಎಂದು ಯಾಕಿಷ್ಟು ಆಸೆಯೋ ಎಂದು ಒಂದೆರಡು ಸಲ ಅನ್ನಿಸಿತು. ನಿನ್ನ ಮಗಳ ಮದುವೆಯಲ್ಲಿ ಫೋಟೋ ತೆಗೆಯುವಾಗ ನೀನು ಓಡಿಹೋಗಿ ಕುರ್ಚಿ ತಂದೆ. "ಅಕ್ಕ, ನೀನು ನಿಂತ್ಕೋಬೇಡ, ಕೂತ್ಕೋ" ಅಂದೆ. ಮನೆಯವರೆಲ್ಲ ನಿಂತಿದ್ದಾರೆ, ನಾನೊಬ್ಬಳು ಕೂತಿದ್ದೇನೆ. ಕಾಲು ಕಾಣುವುದಿಲ್ಲ. ಫೋಟೋ ಚೆನ್ನಾಗಿ ಬಂದಿದೆ. ಸುಮ್ಮನೆ ನೆನಪಾಯಿತು.

ಪೆಟ್ಟಿಗೆ ನೋಡಿದೆಯಾ?

ಗೊಂಬೆಗೆ ಹೊಲಿದರೆ ಗೆರೆಯೆಲ್ಲ ನೇರ,
ನಂಬಿ ಬಂದವರಿಗೆ ಮೈಯಂತೆ ದಾರ.

ಬಿಲ್ಲಕ್ಕ


ಫೆಬ್ರುವರಿ 14

ಅಕ್ಕ,

ಪೆಟ್ಟಿಗೆಯ ಬೀಗ ತುಕ್ಕು ಹಿಡಿದಿದೆ. ಬೀಗದಕೈ ಎಲ್ಲಿದೆಯೋ ಗೊತ್ತಿಲ್ಲ. ಕೆಲಸವೂ ತಲೆಯ ಮೇಲಿದೆ, ಇನ್ನೂ ಮೂವತ್ತು ಬಾಗಿಲು ಬಾಕಿ. ಫೋಟೋ ಇಲ್ಲದಿದ್ದರೂ ಆಗುತ್ತದೆ ಎಂದು ಡಾಕ್ಟರಮ್ಮನೇ ಹೇಳಿದ್ದಾರಲ್ಲ.

ಕುರ್ಚಿ ಯಾವುದು, ನನಗೆ ನೆನಪಿಲ್ಲ. ಮದುವೆಯ ಗಡಿಬಿಡಿಯಲ್ಲಿ ಎಷ್ಟೋ ಕುರ್ಚಿ ಹೊತ್ತೆ.

ಕೋಟಿನ ಮಾತು ಚೆನ್ನಾಗಿದೆ. ಆದರೆ ಕೋಟನ್ನು ಬಿಚ್ಚಿ ಮತ್ತೆ ಹೊಲಿಯಬಹುದು, ಮಂಡಿಯನ್ನು ಆಗುತ್ತದೆಯೇ? ನೇರ ಮಾಡಿಸು. ಬಿಲ್ಲಕ್ಕ, ಬಿಲ್ಲಕ್ಕ ಎಂದು ಆ ಬೀದಿಯವರು ಕರೆದದ್ದನ್ನು ನೀನು ಮರೆತಿರಬಹುದು, ಅಂಗಡಿಗೆ ಹೆಸರು ಮಾಡಿಕೊಂಡಿರಬಹುದು. ನನಗೆ ಅದನ್ನು ಕೇಳಿ ಕೇಳಿ ಸಾಕಾಗಿದೆ. ಕಾಲು ನೇರವಾದರೆ ಆ ಹೆಸರೂ ಹೋಗುತ್ತದೆ. ಇದೊಂದು ಸಲ ನನ್ನ ಮಾತು ಕೇಳು.

ಗುಂಡ


ಫೆಬ್ರುವರಿ 24

ತಮ್ಮನಿಗೆ,

ನಿನ್ನ ಕಾಗದ ಬಂತು. ನಿನ್ನ ಮಾತಿನಂತೆಯೇ ಆಗಲಿ. ನಿನ್ನೆ ಆಸ್ಪತ್ರೆಗೆ ಹೋಗಿ ನೇರ ಮಾಡಿ ಎಂದು ಹೇಳಿ ಸಹಿ ಹಾಕಿ ಬಂದೆ. ಮಾರ್ಚ್ ಹನ್ನೆರಡಕ್ಕೆ ಸೇರಿಸಿಕೊಳ್ಳುತ್ತಾರೆ, ಹದಿಮೂರರ ಬೆಳಿಗ್ಗೆ ಆಪರೇಷನ್.

ನೂರಾ ಹನ್ನೆರಡು ಬಾಗಿಲಿಗೆ ಬೀಗ ಕೂರಿಸುವವನು ಒಂದು ಬೀಗ ತೆಗೆಯಲಾರೆ ಅಂದರೆ ತೆಗೆಯಲು ಮನಸ್ಸಿಲ್ಲ ಎಂದು ನನಗೆ ಅರ್ಥವಾಗುತ್ತದೆ. ನನ್ನ ಕಾಲು ಕಾಣುವ ಫೋಟೋ ಹುಡುಕುವುದು ನಿನಗೆ ಹಿತವಿಲ್ಲದ ಕೆಲಸ. ಹೋಗಲಿ ಬಿಡು, ಇನ್ನು ಅದು ಬೇಕಾಗಿಲ್ಲ.

ಬೇಜಾರಿಲ್ಲ. ಶಾಲೆಗೆ ಹೋಗುವಾಗ ನೀನು ಯಾವಾಗಲೂ ನನಗಿಂತ ಹತ್ತು ಹೆಜ್ಜೆ ಮುಂದೆ ಹೋಗುತ್ತಿದ್ದೆ. ಒಂದನೆಯ ಕ್ಲಾಸಿನಿಂದಲೇ. ಕೈ ಹಿಡಿಯಲು ಬಂದರೆ ಓಡುತ್ತಿದ್ದೆ. ಸೊಟ್ಟ ಕಾಲಿನ ಅಕ್ಕನ ಜೊತೆ ನಡೆಯುವುದು ಹುಡುಗರಿಗೆ ಕಷ್ಟ ಎಂದು ನನಗೆ ಆವಾಗಲೇ ತಿಳಿದಿತ್ತು. ಯಾರಿಗೂ ಹೇಳಿರಲಿಲ್ಲ, ಈಗ ಬಾಯಿಗೆ ಬಂತು. ಇನ್ನು ಮುಂದೆ ಪಕ್ಕದಲ್ಲೇ ನಡೆಯಬಹುದು.

ಆರೋಗ್ಯ ನೋಡಿಕೋ. ನಾದಿನಿಯನ್ನು ಕೇಳಿದೆ ಎಂದು ಹೇಳು.

ನಿನ್ನ ಅಕ್ಕ


ಮಾರ್ಚ್ 3
(ತುರ್ತು ಅಂಚೆ)

ಅಕ್ಕ,

ಕಾಗದದ ಕೊನೆಯಲ್ಲಿ ಪ್ರಾಸದ ಎರಡು ಸಾಲು ಇರಲಿಲ್ಲ. ಹಾಳೆ ತಿರುಗಿಸಿ ನೋಡಿದೆ. ಲಕೋಟೆಯನ್ನೂ ಹರಿದು ಒಳಗೆ ನೋಡಿದೆ. ಆಮೇಲೆ ಅಟ್ಟ ಹತ್ತಿದೆ.

ಬೀಗಕ್ಕೆ ಬೀಗದಕೈ ಬೇಕಾಗಿರಲಿಲ್ಲ. ಉಳಿಯ ತುದಿ ಇಟ್ಟು ಒಂದು ಪೆಟ್ಟು ಕೊಟ್ಟೆ, ಬಿದ್ದುಹೋಯಿತು. ಇಷ್ಟು ದಿನ ಯಾಕೆ ತೆಗೆಯಲಿಲ್ಲ ಎಂದು ಹೇಳುತ್ತೇನೆ. ಮಾತಿನಲ್ಲಿ ಹೇಳಲು ಬರುವುದಿಲ್ಲ, ಬರೆದರೂ ಸರಿಯಾಗಿ ಬರುತ್ತದೋ ಇಲ್ಲವೋ.

ನನಗೆ ಆರು ವರ್ಷ. ಬೀದಿಯ ನಲ್ಲಿಯ ಹತ್ತಿರ ಹೆಂಗಸರು ಕೊಡ ಇಟ್ಟುಕೊಂಡು ನಿಂತಿದ್ದರು. ನೀನು ಮುಂದೆ ಹೋಗುತ್ತಿದ್ದೆ. ಅವರಲ್ಲೊಬ್ಬಳು ನನ್ನ ಕೆನ್ನೆ ಹಿಂಡಿ ಅಂದಳು, "ಈ ಡುಮ್ಮನ್ನ ಸೊಂಟದ ಮೇಲೆ ಹೊತ್ತು ಹೊತ್ತು ಪಾಪ, ಆ ಹುಡ್ಗಿ ಕಾಲು ಬಿಲ್ಲಾಗೋಯ್ತು ನೋಡು." ಎಲ್ಲರೂ ನಕ್ಕರು. ತಮಾಷೆಗೆ ಹೇಳಿದ್ದು. ನನಗೆ ಅದು ತಮಾಷೆ ಎಂದು ಯಾರೂ ಹೇಳಲಿಲ್ಲ. ಅಂದಿನಿಂದ ನಿನ್ನನ್ನು ಯಾರು ಬಿಲ್ಲಕ್ಕ ಎಂದು ಕರೆದರೂ ನನಗೆ ಕೇಳಿಸುತ್ತಿದ್ದದ್ದು ಒಂದೇ: ಇವನು ಬಗ್ಗಿಸಿದ್ದು.

ಹತ್ತು ಹೆಜ್ಜೆ ಮುಂದೆ ಹೋಗುತ್ತಿದ್ದದ್ದು ಅದಕ್ಕೆ. ದಾರಿಯಲ್ಲಿ ಕೆಸರು ಬಂದರೆ ನೀನು ಎತ್ತಿಕೊಳ್ಳುತ್ತಿದ್ದೆ, ನನಗೆ ಸುಸ್ತಾದರೂ ಎತ್ತಿಕೊಳ್ಳುತ್ತಿದ್ದೆ. ಕೈಗೆ ಸಿಗದಷ್ಟು ದೂರ ಇದ್ದರೆ ಎತ್ತಿಕೊಳ್ಳುವುದಕ್ಕೆ ಆಗುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಆರು ವರ್ಷದವನ ಲೆಕ್ಕ. ನಾಚಿಕೆ ಅಲ್ಲ ಅಕ್ಕ. ಕುರ್ಚಿಯೂ ನಾಚಿಕೆ ಅಲ್ಲ. ಅವತ್ತು ನೀನು ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದ್ದು ನೋಡಿದ್ದೆ, ಕುರ್ಚಿಗೆ ಓಡಿದ್ದು ಅದಕ್ಕೆ. ನೆನಪಿಲ್ಲ ಎಂದು ಬರೆದದ್ದು ಸುಳ್ಳು.

ಅದಕ್ಕೇ ನೇರ ಮಾಡಿಸು ಎಂದು ಹಟ ಹಿಡಿದೆ. ಡಾಕ್ಟರಮ್ಮ ಒಂದು ಬೆಳಿಗ್ಗೆ ನಿನ್ನ ಕಾಲು ನೇರ ಮಾಡಿಬಿಟ್ಟರೆ ನಾನು ಮಾಡಿದ್ದು ಮುಗಿಯುತ್ತದೆ ಅಂದುಕೊಂಡೆ. ಪೆಟ್ಟಿಗೆ ತೆಗೆಯಲು ಹೆದರಿದ್ದೂ ಅದಕ್ಕೇ. ಒಳಗೆ ನೇರ ಕಾಲಿನ ಅಕ್ಕನ ಫೋಟೋ ಇದ್ದರೆ? ನಾನು ಬರುವುದಕ್ಕೆ ಮೊದಲಿನ ಅಕ್ಕ?

ಫೋಟೋ ಇತ್ತು. ಈ ಕಾಗದದ ಜೊತೆ ಇಟ್ಟಿದ್ದೇನೆ. ಅಪ್ಪ ಅಂಚೆಯವರ ಅಂಗಿ, ಮಂಡಿ ಕಾಣುವ ಚಡ್ಡಿ ಹಾಕಿಕೊಂಡು ಟಪಾಲು ಚೀಲ ನೇತುಹಾಕಿಕೊಂಡು ನಿಂತಿದ್ದಾನೆ. ಪಕ್ಕದಲ್ಲಿ ನೀನು, ಗಿಡ್ಡ ಫ್ರಾಕು, ಅಪ್ಪನ ಬೆರಳು ಹಿಡಿದಿದ್ದೀಯ. ಅಪ್ಪನ ಕಾಲು ಬರಹದಲ್ಲಿ ಹಾಕುವಂಥ ದೊಡ್ಡ ಕಂಸ, ನಿನ್ನ ಕಾಲು ಚಿಕ್ಕ ಕಂಸ. ಒಂದೇ ಅಚ್ಚು. ಹಿಂದೆ ಅಪ್ಪನ ಅಕ್ಷರದಲ್ಲಿ "ಮಗಳಿಗೆ ಐದು ತುಂಬಿತು" ಎಂದು ಬರೆದು ತಾರೀಖು ಹಾಕಿದ್ದಾನೆ. ನಾನು ಹುಟ್ಟುವುದಕ್ಕೆ ಒಂದೂವರೆ ವರ್ಷ ಮೊದಲು.

ಅಟ್ಟದ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ನಿನ್ನ ನಾದಿನಿ ಕೆಳಗಿನಿಂದ "ಇದ್ದೀರಾ, ಇಲ್ವಾ?" ಎಂದು ಕೂಗಿದಳು. ಇದ್ದೀನಿ ಎಂದೆ. ಈಗ ಇದ್ದೀನಿ.

ಇನ್ನೊಂದು ಸುಳ್ಳು ಬಾಕಿ ಇದೆ. ನಿನ್ನ ಅಂಗಡಿಯ ಬಾಗಿಲು ನೇರವಿಲ್ಲ. ಕೂರಿಸುವ ದಿನ ದಾರ ಬಿಟ್ಟು ನೋಡಿದೆ, ಚೌಕಟ್ಟೇ ಒಂದು ಬೆರಳು ವಾಲಿತ್ತು. ಆ ಕಟ್ಟಡ ನಮ್ಮಪ್ಪನಿಗಿಂತ ಹಳೆಯದು, ನೂರು ವರ್ಷ ಹಾಗೇ ವಾಲಿಕೊಂಡು ಗಟ್ಟಿಯಾಗಿ ನಿಂತಿದೆ. ಅದರಲ್ಲಿ ನೇರ ಬಾಗಿಲು ಕೂರಿಸಿದ್ದರೆ ವಾರದೊಳಗೆ ಕಚ್ಚುತ್ತಿತ್ತು. ಅದಕ್ಕೆ ಬಾಗಿಲಿನ ಮೇಲಂಚು ಕೀಸಿ ಚೌಕಟ್ಟಿನ ಓರೆಗೇ ಹೊಂದಿಸಿದೆ. ಹೊಸ ಕಟ್ಟಡದಲ್ಲಿ ದಾರದ ಮಾತು ಕೇಳಬೇಕು, ಹಳೆ ಕಟ್ಟಡದಲ್ಲಿ ಚೌಕಟ್ಟಿನ ಮಾತು ಕೇಳಬೇಕು. ಇದು ನನಗೆ ಮೂವತ್ತು ವರ್ಷದಿಂದ ಗೊತ್ತು. ನಿನ್ನ ಕಾಲಿನ ವಿಷಯಕ್ಕೆ ಬಂದಾಗ ಮರೆತೆ.

ಸೊಟ್ಟಗೇ ಇರಲಿ ಎಂದೂ ಹೇಳುವುದಿಲ್ಲ. ನಾನು ಹೇಳಿದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಫೋಟೋ ಡಾಕ್ಟರಮ್ಮನಿಗೆ ತೋರಿಸು, ಇಬ್ಬರೂ ಮಾತಾಡಿಕೊಳ್ಳಿ. ನನಗಾಗಿ ಸಹಿ ಹಾಕಬೇಡ.

ಹದಿಮೂರರ ಟ್ರೈನು ಬೆಳಿಗ್ಗೆ ಹನ್ನೊಂದಕ್ಕೆ ಅಲ್ಲಿ ತಲುಪುತ್ತದೆ. ಬರಲಾ ಎಂದು ಕೇಳುತ್ತಿಲ್ಲ.

ಗುಂಡ


ಮಾರ್ಚ್ 13, ಬೆಳಿಗ್ಗೆ ಆರೂವರೆ
ವಾರ್ಡಿನಿಂದ

ಗುಂಡ,

ನೀನು ಬರುವಷ್ಟರಲ್ಲಿ ನಾನು ಒಳಗಿರುತ್ತೇನೆ. ಈ ಚೀಟಿಯನ್ನು ನರ್ಸಿನ ಕೈಯಲ್ಲಿ ಕೊಟ್ಟಿದ್ದೇನೆ. "ನಿಮ್ಮ ತಮ್ಮನ್ನ ಹೇಗೆ ಗುರ್ತು ಹಿಡೀಲಿ?" ಎಂದು ಬರೆದು ಕೇಳಿದಳು. ಬಂದ ತಕ್ಷಣ ವಾರ್ಡಿನ ಬಾಗಿಲನ್ನು ಎರಡು ಸಲ ತೆಗೆದು ಹಾಕಿ ನೋಡುತ್ತಾನೆ, ಅವನೇ ಎಂದಿದ್ದೇನೆ.

ನಿನ್ನ ತುರ್ತು ಅಂಚೆ ಆರಾಮಾಗಿ ಹತ್ತನೆಯ ತಾರೀಖು ಬಂತು. ಯಂತ್ರದ ಮುಂದೆ ಕೂತು ಓದಿದೆ. ಒಬ್ಬರ ಷರಟಿನ ಕಾಲರು ಅರ್ಧಕ್ಕೆ ನಿಂತುಹೋಯಿತು, ಇನ್ನೂ ಅಲ್ಲೇ ಇದೆ.

ದಡ್ಡ. ನಿನ್ನನ್ನು ಹೊತ್ತುಕೊಳ್ಳುವುದೆಂದರೆ ನನಗೆ ಇಷ್ಟವಿತ್ತು ಕಣೋ. ಸೊಂಟದ ಮೇಲೆ ನೀನು ಕೂತರೆ ಯಾರೂ ನನ್ನ ಕಾಲು ನೋಡುತ್ತಿರಲಿಲ್ಲ, ನಿನ್ನ ಕೆನ್ನೆ ನೋಡುತ್ತಿದ್ದರು. ನೀನು ಮುಂದೆ ಓಡಲು ಶುರುಮಾಡಿದ ಮೇಲೆಯೇ ನನಗೆ ನನ್ನ ಕಾಲಿನ ಅರಿವಾದದ್ದು. ಇದು ನಿನ್ನನ್ನು ನೋಯಿಸಲು ಬರೆದದ್ದಲ್ಲ. ಇಬ್ಬರೂ ಒಬ್ಬರಿಗೊಬ್ಬರು ಒಳ್ಳೆಯದು ಮಾಡಲು ಹೋಗಿ ಐವತ್ತು ವರ್ಷ ಹಾಳುಮಾಡಿಕೊಂಡೆವಲ್ಲ ಎಂದು ನಗು ಬಂತು, ಅದಕ್ಕೆ.

ಫೋಟೋ ತೋರಿಸಿದೆ. ಡಾಕ್ಟರಮ್ಮ ತುಂಬ ಹೊತ್ತು ನೋಡಿದರು, ಎಕ್ಸ್-ರೇ ಪಕ್ಕದಲ್ಲಿ ಇಟ್ಟುಕೊಂಡು. "ನಿಮ್ಮ ತಂದೇನ?" ಎಂದು ಬರೆದರು. ಹೌದು ಎಂದೆ. ಹಳೆಯ ಒಪ್ಪಿಗೆ ಕಾಗದ ಹರಿದು ಹೊಸದು ತಂದರು. ಹುಟ್ಟಿನ ಬಾಗು ನಾಲ್ಕು ಡಿಗ್ರಿಯನ್ನೂ ಹಾಗೇ ಬಿಡಿ ಎಂದು ಕೇಳಿದೆ. ನಾಲ್ಕು ಬಿಡುವ ಧೈರ್ಯ ನನಗಿಲ್ಲ, ಎರಡು ಎಂದರು. ನಲವತ್ತು ವರ್ಷ ಅಂಗಡಿ ನಡೆಸಿದವಳ ಹತ್ತಿರ ಚೌಕಾಸಿಯೇ? ಮೂರಕ್ಕೆ ಒಪ್ಪಿಸಿ ಸಹಿ ಹಾಕಿದೆ. ನಿನಗಾಗಿ ಅಲ್ಲ, ನನಗಾಗಿ.

ಹೆದರಿಕೆ ಸ್ವಲ್ಪ ಇದೆ. ಅದನ್ನು ನರ್ಸಿಗೆ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ. ಏನಾದರೂ ಹೆಚ್ಚುಕಮ್ಮಿ ಆದರೆ ಅಂಗಡಿಯ ಬೀಗದಕೈ ಯಂತ್ರದ ಡ್ರಾಯರಿನಲ್ಲಿ, ಗುಂಡಿಯ ಡಬ್ಬಿಯ ಕೆಳಗೆ. ಆ ಕಾಲರು ಮುಗಿಸಲು ಯಾರಿಗಾದರೂ ಕೊಡು.

ಅಪ್ಪನ ಕಾಲು ಅಪ್ಪನಿಗಿರಲಿ ಎಂದರೆ
ತಪ್ಪದೆ ಬಂದಿದೆ ಮಗಳಿಗೂ ತೊಂದರೆ.

ಕರೆಯಲು ಬಂದರು.

ಬಿಲ್ಲಕ್ಕ


ಏಪ್ರಿಲ್ 22

ಅಕ್ಕ,

ಸುಖವಾಗಿ ತಲುಪಿದೆ. ಐದು ವಾರ ದಿನವಿಡೀ ಹಾಳೆಯ ಮೇಲೆ ಬರೆದು ತೋರಿಸಿ ಅಭ್ಯಾಸವಾಗಿದೆ. ನಿನ್ನೆ ಕಾಫಿ ಬೇಕು ಎಂದು ಬರೆದು ನಿನ್ನ ನಾದಿನಿಯ ಮುಂದೆ ಹಿಡಿದೆ. "ನಂಗೂ ಕಿವಿ ಹೋಯ್ತಾ?" ಅಂದಳು.

ಎದುರಿಗೆ ಹೇಳಬಾರದು ಎಂದು ಇಟ್ಟುಕೊಂಡದ್ದು ಎರಡಿದೆ. ಮೊದಲನೆಯದು, ಪಕ್ಕದ ಮನೆಯಾಕೆ. ಆಸ್ಪತ್ರೆಯಿಂದ ನಿನ್ನನ್ನು ಕರೆತಂದ ದಿನ ಅವಳ ಹತ್ತಿರ ಒಂದು ಕುರ್ಚಿ ಕೇಳೋಣ ಎಂದು ಹೋದೆ. ಬಾಗಿಲಿಗೆ ಬೀಗ, ಬೀಗಕ್ಕೆ ಜೇಡರ ಬಲೆ. ಎದುರು ಮನೆಯವರು ಹೇಳಿದರು, ಅವಳು ಮಗನ ಮನೆಗೆ ಹೋಗಿ ಒಂದು ವರ್ಷ ಆಯಿತಂತೆ. ನಾನು ಬರದೇ ಇದ್ದಿದ್ದರೆ ಯಾರು ನೋಡಿಕೊಳ್ಳುತ್ತಿದ್ದರು, ಜೇಡನೇ? ಬೈಯಬೇಕು ಎಂದಿದ್ದೆ. ಅವತ್ತು ನೀನು ವಾಕರ್ ಹಿಡಿದುಕೊಂಡು ಹಾಸಿಗೆಯಿಂದ ಕಿಟಕಿಯವರೆಗೆ ಹೋಗಿ, ಹಲ್ಲು ಕಚ್ಚಿಕೊಂಡು ತಿರುಗಿ ಬಂದೆ. ಏಳು ಹೆಜ್ಜೆ ಹೋಗಲು, ಏಳು ಬರಲು. ಬೈಗುಳ ನುಂಗಿಕೊಂಡೆ.

ಎರಡನೆಯದು, ನಾನು ಹೊರಟ ದಿನದ್ದು. ಬೇಡ ಬೇಡ ಎಂದರೂ ಕೋಲು ಹಿಡಿದು ಬೀದಿಯ ತುದಿಯ ಬಸ್‌ ನಿಲ್ದಾಣಕ್ಕೆ ಬಂದೆಯಲ್ಲ. ನಾನು ಪಕ್ಕದಲ್ಲಿ ನಡೆದೆ. ನೀನು ನಿಂತಲ್ಲಿ ನಿಂತೆ.

ಬಸ್ಸು ಹೊರಟ ಮೇಲೆ ಹಿಂದಿನ ಕಿಟಕಿಯಿಂದ ನೋಡಿದೆ. ನೀನು ಮನೆಯ ಕಡೆ ತಿರುಗಿದ್ದೆ. ಶಾಲೆ ಬಿಟ್ಟ ಹೊತ್ತು, ಬೀದಿ ತುಂಬ ಜನ, ಎಲ್ಲರ ಬೆನ್ನೂ ಒಂದೇ. ಹಿಂದಿನಿಂದ ನೋಡಿದರೆ ಯಾರಿಗೂ ಮುಖ ಇರುವುದಿಲ್ಲ. ಆ ಬೆನ್ನುಗಳ ನಡುವೆ ಒಂದು ನಡಿಗೆ ಹೋಗುತ್ತಿತ್ತು. ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ, ಭುಜದಲ್ಲಿ ಟಪಾಲು ಚೀಲ ಇದ್ದ ಹಾಗೆ. ಅಪ್ಪ ಬೆಳಿಗ್ಗೆ ಕೆಲಸಕ್ಕೆ ಹೋಗುವುದನ್ನು ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದೆನಲ್ಲ, ಅದೇ. ಅಪ್ಪ ಹೋಗಿ ಮೂವತ್ತೊಂದು ವರ್ಷ ಆಯಿತು. ನನಗೆ ಬಂದದ್ದು ಅಮ್ಮನ ಕಾಲು, ಕಂಬದ ಹಾಗೆ ನೇರ. ಅದರಲ್ಲಿ ನೋಡುವಂಥದ್ದು ಏನೂ ಇಲ್ಲ.

ಆ ನಡಿಗೆಯನ್ನು ತೆಗೆಸಿಬಿಡು ಎಂದು ಒಂದೂವರೆ ತಿಂಗಳು ನಿನ್ನ ಬೆನ್ನು ಹತ್ತಿದ್ದೆ. ಬಸ್ಸು ತಿರುಗುವವರೆಗೂ ನೋಡಿದೆ.

ಪ್ರಾಸ ಇಲ್ಲ. ಯೋಚನೆ ಮಾಡಿದೆ, ಬರಲಿಲ್ಲ.

ಗುಂಡ


ಮೇ 8

ಗುಂಡ,

ನೀನು ಪ್ರಾಸ ಬರೆಯದೇ ಇದ್ದದ್ದು ಇದೇ ಮೊದಲ ಸಲ ಸರಿಯಾಗಿ ಕೂತಿದೆ.

ಕೋಲು ಬಿಟ್ಟಿದ್ದೇನೆ. ಪೆಡಲ್ ಒತ್ತುತ್ತಿದ್ದೇನೆ, ದಿನಕ್ಕೆ ಅರ್ಧ ಗಂಟೆ, ಡಾಕ್ಟರಮ್ಮನ ಅಪ್ಪಣೆ. ಮಂಡಿ ಇನ್ನೂ ಬಿಸಿ ಆಗುತ್ತದೆ, ಸಂಜೆ ಊದುತ್ತದೆ, ಎಲ್ಲ ಹೂವಿನ ಹಾಗಿದೆ ಎಂದರೆ ನೀನು ನಂಬುವುದೂ ಇಲ್ಲ. ಆದರೆ ಪಾದ ತನ್ನ ಹಳೆಯ ಜಾಗಕ್ಕೇ ಹೋಗಿ ಓರೆಯಾಗಿ ಕೂತುಕೊಂಡಿತು, ನಾನು ಹೇಳಿಕೊಡಬೇಕಾಗಲಿಲ್ಲ. ಆ ಕಾಲರು ಮುಗಿಸಿದೆ.

ನಿನ್ನ ಬಾಗಿಲನ್ನು ಟೇಪು ಹಿಡಿದು ಅಳೆದೆ. ಒಂದು ಬೆರಳಲ್ಲ, ಒಂದೂಕಾಲು. ಇಪ್ಪತ್ತೆರಡು ವರ್ಷ ಊರಿಗೆಲ್ಲ ನೇರ ಎಂದು ಹೊಗಳಿದ್ದೇನೆ, ನನ್ನ ಮಾನ ಏನಾಗಬೇಕು? ಯಾರಿಗೂ ಹೇಳಿಲ್ಲ. ಗುಮಾಸ್ತನ ಹೆಗಲಿನ ಗುಟ್ಟಿನ ಜೊತೆ ಇದನ್ನೂ ಇಟ್ಟುಕೊಂಡಿದ್ದೇನೆ.

ಡಾಕ್ಟರಮ್ಮ ಎಡಗಾಲಿಗೆ ಸೆಪ್ಟೆಂಬರ್ ಎಂಟರ ತಾರೀಖು ಕೊಟ್ಟಿದ್ದಾರೆ. ಹೇಗೆ ಕೂರಿಸಲಿ ಎಂದು ಈ ಸಲ ಬರೆದು ಕೇಳಲಿಲ್ಲ. ನಾನು ಕೊಟ್ಟ ಫೋಟೋ ಅವರ ಮೇಜಿನ ಗಾಜಿನ ಕೆಳಗಿದೆ, ಅದರ ಮೇಲೆ ಬೆರಳಿಟ್ಟು ಹುಬ್ಬು ಹಾರಿಸಿದರು. ನಾನು ತಲೆಯಾಡಿಸಿದೆ. ಎರಡೂ ಕಂಸ ಮುಚ್ಚಿದರೆ ತಾನೇ ವಾಕ್ಯ ಪೂರ್ತಿ.

ಆಪರೇಷನ್ ಆದ ಮೇಲೆ ನೋಡಿಕೊಳ್ಳುವುದಕ್ಕೆ ಪಕ್ಕದ ಮನೆಯಾಕೆ ಇದ್ದಾಳೆ. ಹನ್ನೊಂದಕ್ಕೆ ತಲುಪುವ ಆ ಟ್ರೈನಿಗೆ ಅವಳಿಗೊಂದು ಟಿಕೆಟ್ ಮಾಡಿಸಿ ಕಳಿಸು. ಒಂದು ದಿನ ಮೊದಲೇ ಬರಲಿ. ರಸಮಟ್ಟ ಮನೆಯಲ್ಲೇ ಬಿಟ್ಟು ಬರಲು ಹೇಳು.

ನಿನ್ನ
ಬಿಲ್ಲಕ್ಕ